ಯಾರೂ ಮಾಡದ ಟ್ರಂಕ್ ಕಾಲ್

ಸಮಾಜವನ್ನು ವಿಮರ್ಶಿಸುವ ಮೂರು ಮಹಾ ಸಿದ್ಧಾಂತಗಳನ್ನು ಒಂದೇ ತಂತಿಯ ಮೇಲೆ ಕೂಡಿಸಿ ಮಾತಾಡಿಸಿದ ಮೊದಲ ಮನುಷ್ಯ ಈ ಭೂಮಂಡಲದಲ್ಲಿ ಯಾರು ಎಂದು ಯಾರಾದರೂ ಕೇಳಿದ್ದರೆ, ನಾನೇ ಎಂದು ಎದೆ ತಟ್ಟಿ ಹೇಳಿಕೊಳ್ಳಬಹುದಿತ್ತು. ಯಾರೂ ಕೇಳಲಿಲ್ಲ. ಕೇಳಿದವರು ಬೇರೆಯದನ್ನೇ ಕೇಳಿದರು. "ನಿನಗ್ಯಾಕ ಬೇಕಾಗಿತ್ತು ಈ ಉಸಾಬರಿ?" ಎಂದು.

ಎಂಬತ್ತರ ದಶಕದ ಮಾತಿದು. ಆಗ ನಾನು ಕಲಘಟಗಿಯಲ್ಲಿ ಟೆಲಿಫೋನ್ ಆಪರೇಟರ್. ಫೋನಿದ್ದ ಮನೆಗಳು ಆಗ ಬೆರಳೆಣಿಕೆಯಷ್ಟು. ಹಳ್ಳಿಗಳಲ್ಲಂತೂ ಊರಿಗೊಂದು ಫೋನು; ಅದೂ ಯಾರದೋ ಅಂಗಡಿಯಲ್ಲೋ, ಪೋಸ್ಟಿನ ಕಟ್ಟೆಯ ಮೇಲೋ ದೇವರ ಹಾಗೆ ಕೂತಿರುತ್ತಿತ್ತು. ಫೋನ್ ಎತ್ತಿ ಹಿಡಿಕೆ ತಿರುಗಿಸಿದರೆ ನನ್ನ ಬೋರ್ಡಿನ ಮೇಲೆ ಆ ನಂಬರಿನ ಪುಟ್ಟ ಮುಚ್ಚಳ ಟಪ್ಪೆಂದು ಬೀಳುತ್ತಿತ್ತು. ನಾನು ಅಲ್ಲಿನ ತೂತಿಗೆ ತಂತಿಯ ಒಂದು ತುದಿ ಚುಚ್ಚಿ "ನಂಬರ್ ಪ್ಲೀಸ್" ಎನ್ನುತ್ತಿದ್ದೆ. ಅವರು ಹೇಳಿದವರ ತೂತಿಗೆ ಇನ್ನೊಂದು ತುದಿ ಚುಚ್ಚುತ್ತಿದ್ದೆ. ತಾಲೂಕಿನ ಹುಟ್ಟು, ಸಾವು, ಕಬ್ಬಿನ ಲಾರಿ, ಬೀಗರ ಮುನಿಸು ಎಲ್ಲವೂ ಮೊದಲು ನನ್ನ ಕಿವಿ ಮುಟ್ಟಿ, ಆಮೇಲೆ ಅವರವರ ಕಿವಿಗೆ ಹೋಗುತ್ತಿದ್ದವು. ಮಂದಿಯ ಮಾತು ಕೇಳಬಾರದು ಎಂಬ ನಿಯಮವಿತ್ತು, ನಿಜ. ಆದರೆ ಮಾತು ಮುಗಿಯಿತೋ ಇಲ್ಲವೋ ಎಂದು ನಡುನಡುವೆ ಕಿವಿಗೊಟ್ಟು ನೋಡಬೇಕು ಎಂಬ ನಿಯಮವೂ ಇತ್ತು. ನಾನು ಎರಡನೆಯ ನಿಯಮವನ್ನು ಬಹಳ ನಿಷ್ಠೆಯಿಂದ ಪಾಲಿಸುತ್ತಿದ್ದೆ.

ನಾನು ಬಿ.ಎ., ಸಮಾಜಶಾಸ್ತ್ರ, ಎರಡನೆಯ ದರ್ಜೆ. ಸಿದ್ಧಾಂತವೆಂದರೆ ನನಗೆ ಮೊದಲಿನಿಂದಲೂ ಹುಚ್ಚು. ಓರಗೆಯ ಹುಡುಗರು ಸಿನಿಮಾ ನಟಿಯರ ಚಿತ್ರ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದಾಗ ನಾನು ಪತ್ರಿಕೆಗಳಲ್ಲಿ ಬಂದ ವಾದ, ಪ್ರತಿವಾದಗಳನ್ನು ಕತ್ತರಿಸಿ ಟ್ರಂಕಿನ ತಳದಲ್ಲಿ ಇಡುತ್ತಿದ್ದೆ. ಮದುವೆಯಾದ ಮೇಲೆ ನನ್ನ ಹೆಂಡತಿ ಶಾಂತಾ ಅವುಗಳ ಮೇಲೆ ತನ್ನ ರೇಷ್ಮೆ ಸೀರೆ ಇಟ್ಟಳು. ಜಗತ್ತಿನ ಶೋಷಣೆಯೆಲ್ಲ ನುಸಿಗುಳಿಗೆಯ ವಾಸನೆ ಹಿಡಿಯಿತು.

ಈ ಹುಚ್ಚು ಹಿಡಿಸಿದವರು ಇಬ್ಬರು. ಮಿಶ್ರಿಕೋಟಿಯ ಶಿವಲಿಂಗಪ್ಪ ಮಾಸ್ತರು ಮತ್ತು ತಂಬೂರಿನ ಗುರುಪಾದಪ್ಪನವರು. ಮಾಸ್ತರು ಸಾಲಿ ಕಲಿಸಿ ನಿವೃತ್ತರಾದವರು. ಸಮಾಜದ ಗಂಟು ಇರುವುದು ವರ್ಗದಲ್ಲಿ ಎನ್ನುವವರು. ಗುರುಪಾದಪ್ಪನವರು ಒಕ್ಕಲುತನ ಮಾಡಿಕೊಂಡಿದ್ದ ಸಮಾಜವಾದಿ. ಆ ಗಂಟು ಇರುವುದು ಜಾತಿಯಲ್ಲಿ ಎನ್ನುವವರು. ಇಬ್ಬರೂ ಒಂದೇ ವಯಸ್ಸಿನವರು, ಧಾರವಾಡದಲ್ಲಿ ಒಂದೇ ಕೋಣೆಯಲ್ಲಿದ್ದು ಓದಿದವರು. ಕಲಘಟಗಿಯ ವಾಚನಾಲಯದಲ್ಲಿ ರವಿವಾರಕ್ಕೊಮ್ಮೆ ಅವರು ಎದುರುಬದುರು ಕೂತು ವಾದಕ್ಕಿಳಿದರೆ, ನಾವು ಹತ್ತಾರು ಹುಡುಗರು ಚಹಾ ತಣ್ಣಗಾದದ್ದೂ ತಿಳಿಯದೆ ಕೇಳುತ್ತಿದ್ದೆವು.

"ಯಾರು ದುಡೀತಾರ, ಯಾರು ಉಣ್ಣತಾರ, ಮೊದಲು ಅದನ್ನ ಕೇಳು" ಎನ್ನುತ್ತಿದ್ದರು ಮಾಸ್ತರು.

"ಯಾರ ಬಾಜು ಯಾರು ಕುಂತು ಉಣ್ಣತಾರ, ಮೊದಲು ಅದನ್ನ ಕೇಳು" ಎನ್ನುತ್ತಿದ್ದರು ಗುರುಪಾದಪ್ಪನವರು.

ಇಂಥ ಮಾತನ್ನು ನಾನು ಯಾವ ಕಾಲೇಜಿನಲ್ಲೂ ಕೇಳಿಲ್ಲ. ಮಾಸ್ತರು ಮಾತಾಡುವಾಗ ಅವರೇ ಸರಿ ಅನ್ನಿಸುತ್ತಿತ್ತು. ಗುರುಪಾದಪ್ಪನವರು ಬಾಯಿ ತೆರೆದರೆ, ಛೇ, ಇವರಲ್ಲವೇ ಸರಿ ಅನ್ನಿಸುತ್ತಿತ್ತು. ಮನೆಗೆ ಹೋಗುವ ದಾರಿಯಲ್ಲಿ ನನ್ನ ತಲೆಯಲ್ಲಿ ಇಬ್ಬರೂ ಜಗಳವಾಡುತ್ತಿದ್ದರು, ನಾನು ನಡುವೆ ಕೂತು ಆನಂದಪಡುತ್ತಿದ್ದೆ.

ಹೀಗಿರುವಾಗ ಒಂದು ದಿನ ತಂಬೂರಿನಲ್ಲಿ, ಗುರುಪಾದಪ್ಪನವರ ಮನೆಯಲ್ಲಿ, ಊಟಕ್ಕೆ ಕೂತಾಗ ವಾದ ಎದ್ದಿತು. ಎದ್ದದ್ದು ವಾದವಷ್ಟೇ ಅಲ್ಲ, ಮಾಸ್ತರೂ ಎದ್ದರು. ಬಡಿಸಿದ ತಾಟು ಹಾಗೇ ಬಿಟ್ಟು, ಕೈಯನ್ನೂ ತೊಳೆಯದೆ, ಬಸ್ಸಿಗೆ ನಡೆದುಬಿಟ್ಟರು. ನಮ್ಮ ಕಡೆ ಬೈದರೆ ಒಂದು ವಾರಕ್ಕೆ ಮರೆಯುತ್ತಾರೆ. ತಾಟು ಬಿಟ್ಟು ಎದ್ದು ಹೋದರೆ ಮರೆಯುವುದಿಲ್ಲ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ವಾಚನಾಲಯದ ರವಿವಾರ ನಿಂತೇಹೋಯಿತು. ನಾವು ಹುಡುಗರು ಮದುವೆ, ನೌಕರಿ ಎಂದು ಚದುರಿದೆವು.

ಆದರೆ ನಾನು ಇಬ್ಬರನ್ನೂ ಬಿಟ್ಟಿರಲಿಲ್ಲ. ಮಿಶ್ರಿಕೋಟಿಗೆ ಹೋದರೆ ಮಾಸ್ತರು ಎಲ್ಲ ಮಾತು ಮುಗಿದ ಮೇಲೆ, ಬಾಗಿಲಲ್ಲಿ ನಿಂತು, "ತಂಬೂರ ಕಡೆ ಮಳಿ ಆಗೇತೇನು?" ಎನ್ನುತ್ತಿದ್ದರು. ಅವರಿಗೆ ತಂಬೂರಿನಲ್ಲಿ ಒಂದು ಗೇಣು ಹೊಲವಿರಲಿಲ್ಲ. ತಂಬೂರಿಗೆ ಹೋದರೆ ಗುರುಪಾದಪ್ಪನವರು, "ಮಿಶ್ರಿಕೋಟಿ ಬಸ್ಸು ಈಗ ಸರಿಯಾಗಿ ಬರ್ತಾವೇನು?" ಎನ್ನುತ್ತಿದ್ದರು. ಅವರು ಆ ಬಸ್ಸು ಹತ್ತಿ ವರ್ಷಗಳಾಗಿದ್ದವು. ನಾನು ಮಳೆಗೂ ಬಸ್ಸಿಗೂ ಒಂದೇ ಉತ್ತರ ಕೊಡುತ್ತಿದ್ದೆ: "ಆರಾಮ ಅದಾರ್ರಿ." ಇಬ್ಬರೂ "ಹೂಂ" ಎಂದು ಒಳಗೆ ಹೋಗುತ್ತಿದ್ದರು.

ಇವರಿಬ್ಬರು ಮತ್ತೆ ಮಾತಾಡಬೇಕು, ಅದನ್ನು ನಾನು ಮತ್ತೆ ಕೇಳಬೇಕು. ಇದೊಂದೇ ನನ್ನ ಆಸೆಯಾಗಿತ್ತು. ದೇವರು ನನ್ನನ್ನು ಹುಟ್ಟಿಸಿ, ಓದಿಸಿ, ಬೇರೆ ಯಾವ ನೌಕರಿಯೂ ಸಿಗದ ಹಾಗೆ ಮಾಡಿ, ತಂತಿಗೆ ತಂತಿ ಕೂಡಿಸುವ ಕುರ್ಚಿಯಲ್ಲಿ ಕೂರಿಸಿದ್ದು ಇದಕ್ಕೇ ಇರಬೇಕು ಎಂದು ಒಂದು ದಿನ ಬೋರ್ಡಿನ ಮುಂದೆ ಹೊಳೆಯಿತು. ಮಂದಿ ನೂರು ಕ್ಷುಲ್ಲಕ ಮಾತಿಗೆ ತಂತಿ ಬಳಸುತ್ತಾರೆ. ವರ್ಗವನ್ನೂ ಜಾತಿಯನ್ನೂ ಕೂಡಿಸಲು ಬಾರದೇ?

ಇಬ್ಬರೇ ಆದರೆ ಮತ್ತೆ ಜಗಳ ಎದ್ದೀತು ಎಂದು ಮೂರನೆಯವರನ್ನೂ ಸೇರಿಸಿಕೊಂಡೆ. ಅವರು ಹೆಣ್ಣುಮಕ್ಕಳ ಸಾಲಿಯ ಹೆಡ್‌ಬಾಯಿ ವಿಮಲಾ ಅಕ್ಕೋರು. ಕಲಘಟಗಿಯಲ್ಲಿ ಆ ಕಾಲಕ್ಕೇ ಸ್ತ್ರೀವಾದದ ಪುಸ್ತಕ ತರಿಸಿ ಓದುತ್ತಿದ್ದವರು. ವಾಚನಾಲಯದ ವಾದಕ್ಕೆ ಅವರು ಒಮ್ಮೆ ಮಾತ್ರ ಬಂದಿದ್ದರು. ಇಬ್ಬರು ಮಹನೀಯರ ಮಾತನ್ನೂ ಕೊನೆಯವರೆಗೆ ಕೇಳಿ, "ಅಡಗಿ ಮಾಡಿದಾಕಿ ಉಂಡಳೇನು, ಅದನ್ನ ಯಾರು ಕೇಳಾವ್ರು?" ಎಂದು ಒಂದೇ ಮಾತಾಡಿ ಎದ್ದುಹೋಗಿದ್ದರು. ಆ ಸಂಜೆ ನಮಗೆ ಯಾರಿಗೂ ಚಹಾ ಕೇಳುವ ಧೈರ್ಯ ಬರಲಿಲ್ಲ.

ಅಕ್ಕೋರು ಕೂಡಲೇ ಒಪ್ಪಿದರು. ಉಳಿದ ಇಬ್ಬರನ್ನು ಒಪ್ಪಿಸಲು ನಾನೊಂದು ಉಪಾಯ ಹೂಡಿದೆ. ಮಿಶ್ರಿಕೋಟಿಗೆ ಹೋಗಿ ಮಾಸ್ತರಿಗೆ, "ಗುರುಪಾದಪ್ಪನವರು ತಾವಾಗೇ ನಿಮ್ಮ ಕೂಡ ಮಾತಾಡಬೇಕಂತಾರ್ರಿ, ರವಿವಾರ ಮಧ್ಯಾಹ್ನ ಫೋನ್ ಮಾಡ್ತಾರಂತ" ಎಂದೆ. ತಂಬೂರಿಗೆ ಹೋಗಿ ಗುರುಪಾದಪ್ಪನವರಿಗೆ ಇದೇ ಮಾತನ್ನು ಹೆಸರು ಬದಲಿಸಿ ಹೇಳಿದೆ. ಮಾಸ್ತರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ಗುರುಪಾದಪ್ಪನವರು ಕೊಟ್ಟಿಗೆಗೆ ಹೋಗಿ ಎತ್ತಿನ ಮೈ ತಿಕ್ಕತೊಡಗಿದರು. ನನ್ನ ಕಣ್ಣು ತುಂಬಿ ಬಂದವು. ಬರುವಾಗ ಬಸ್ಸಿನಲ್ಲಿ ನನ್ನ ಬುದ್ಧಿಯ ಬಗ್ಗೆ ನನಗೇ ಹೆಮ್ಮೆ ತಡೆಯಲಾಗಲಿಲ್ಲ.

ಶಾಂತಾ ಮಾತ್ರ ಎಲ್ಲ ಕೇಳಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಅಂದಳು: "ಅಲ್ರಿ, ಅವರು ಕರದಾರಂತ ಇವರಿಗೆ ಹೇಳೀರಿ. ಇವರು ಕರದಾರಂತ ಅವರಿಗೆ ಹೇಳೀರಿ. ಹಂಗಾರ ಖರೇನ ಕರದವರು ಯಾರು?"

ಇದು ತೀರ ಸಣ್ಣ ತಾಂತ್ರಿಕ ಪ್ರಶ್ನೆ ಎಂದು ನಾನು ಅವಳಿಗೆ ತಿಳಿಸಿ ಹೇಳಿದೆ.

ಇಬ್ಬರಿಗಾಗಿ ಮಾಡಿದ ಬೋರ್ಡಿನಲ್ಲಿ ಮೂವರನ್ನು ಕೂಡಿಸಲು ನಿಯಮದಲ್ಲಿ ಅವಕಾಶವಿರಲಿಲ್ಲ. ಕೂಡದು ಎಂದೂ ಬರೆದಿರಲಿಲ್ಲ, ಇಂಥದ್ದನ್ನು ಮಾಡುವವನು ಹುಟ್ಟಿಯಾನು ಎಂದು ಯಾರೂ ಎಣಿಸಿರಲಿಕ್ಕಿಲ್ಲ. ರವಿವಾರ ಮಧ್ಯಾಹ್ನ ಮಂದಿ ಉಂಡು ಮಲಗುವ ಹೊತ್ತು ನೋಡಿ, ಬೋರ್ಡಿನ ಹಿಂದೆ ಬಗ್ಗಿ, ಮೂರು ಕಡೆಯ ತಂತಿಗಳನ್ನು ಒಂದು ಖಾಲಿ ತೂತಿನ ಹಿಂಭಾಗಕ್ಕೆ ಸುತ್ತಿದೆ. ಎದ್ದಾಗ ತಲೆ ಬಡಿಯಿತು. ಲೆಕ್ಕಿಸಲಿಲ್ಲ.

ಇನ್ನು ಮೂವರು ಎಲ್ಲೆಲ್ಲಿ ಕೂತಿದ್ದರು ಎಂಬುದನ್ನು ಹೇಳಬೇಕು. ಅಕ್ಕೋರು ಸಾಲಿಯ ಆಫೀಸಿನಲ್ಲಿ ಒಬ್ಬರೇ ಇದ್ದರು. ಅವರದೇನೂ ತೊಂದರೆಯಿರಲಿಲ್ಲ. ಆದರೆ ಮಿಶ್ರಿಕೋಟಿಯ ಫೋನ್ ಇದ್ದದ್ದು ಕಾಳುಕಡಿಯ ವ್ಯಾಪಾರಿಯ ಅಂಗಡಿಯಲ್ಲಿ. ವ್ಯಾಪಾರಿ ವರ್ಗದ ಕಟು ವಿಮರ್ಶಕರಾದ ನಮ್ಮ ಮಾಸ್ತರು ವ್ಯಾಪಾರಿಯ ಗಾದಿಯ ಮೇಲೆ, ವ್ಯಾಪಾರಿಯ ದಿಂಬಿಗೆ ಒರಗಿ, ವ್ಯಾಪಾರಿ ತರಿಸಿದ ಚಹಾ ಕುಡಿಯುತ್ತ ಕೂತಿದ್ದರು. ತಂಬೂರಿನಲ್ಲಿ ಫೋನ್ ಇದ್ದದ್ದು ಪೋಸ್ಟಿನ ಕಟ್ಟೆಯ ಮೇಲೆ. ಯಾರದೋ ಫೋನ್ ಬರುತ್ತದೆ ಎಂದರೆ ಅರ್ಧ ಊರು ಅಲ್ಲಿ ಸೇರುವುದು ಪದ್ಧತಿ. ಸೇರಿದವರು ತಮ್ಮ ತಮ್ಮ ಓಣಿಯವರ ಬಾಜು ಬೇರೆ ಬೇರೆಯಾಗಿಯೇ ಕೂತಿದ್ದರಂತೆ. ಜಾತಿವಿನಾಶದ ಬಗ್ಗೆ ಮಾತಾಡಬೇಕಾದ ಗುರುಪಾದಪ್ಪನವರು ಅದನ್ನು ನೋಡುತ್ತ ಫೋನಿನ ಬಾಜು ನಿಂತಿದ್ದರು.

ನಾನು ಮೂರೂ ಕಡೆ ಗಂಟೆ ಬಾರಿಸಿದೆ. ಮೂವರೂ ಎತ್ತಿದರು. ಕಿವಿಗೆ ಯಂತ್ರ ಒತ್ತಿಕೊಂಡು, ಉಸಿರು ಬಿಗಿಹಿಡಿದು ಕೂತೆ. ಇತಿಹಾಸ ಶುರುವಾಯಿತು.

"ಹೂಂ, ಹೇಳ್ರಿ" ಎಂದರು ಮಾಸ್ತರು.

"ಹೂಂ, ಹೇಳ್ರಿ" ಎಂದರು ಗುರುಪಾದಪ್ಪನವರು.

ಆಮೇಲೆ ಇತಿಹಾಸ ನಿಂತಿತು.

ನಮ್ಮ ಕಡೆಯ ರಿವಾಜು ನನಗೆ ಆಗ ನೆನಪಾಯಿತು. ಯಾರು ಫೋನ್ ಮಾಡಿದ್ದಾರೋ ಅವರೇ ಮೊದಲು ಮಾತೆತ್ತಬೇಕು. ಕರೆಸಿಕೊಂಡು ಬಂದವರು "ಹೂಂ, ಹೇಳ್ರಿ" ಎಂದು ಕಾಯಬೇಕು. ತಾವೇ ಮಾತು ಶುರುಮಾಡಿದರೆ ಅದು ಅಗೌರವ. ಹದಿನಾರಾಣೆ ಸಭ್ಯರಾದ ಈ ಇಬ್ಬರು ಹಿರಿಯರು, ಕರೆದವರು ತಾವಾಗಿ ಹೇಳಲಿ ಎಂದು ಗೌರವದಿಂದ ಕಾಯತೊಡಗಿದರು. ದಿನವೂ ಬೋರ್ಡಿನ ಮುಂದೆ ಕೂರುವ ನಾನು, ತಂತಿಗೆ ಎರಡು ತುದಿ ಇರುತ್ತವೆ, ಒಂದು ಕರೆದವರದು, ಇನ್ನೊಂದು ಬಂದವರದು ಎಂಬ ಮೊದಲ ಪಾಠವನ್ನೇ ಮರೆತು ಎರಡೂ ತುದಿಯಲ್ಲಿ ಬಂದವರನ್ನೇ ಕೂರಿಸಿದ್ದೆ! ನನ್ನ ಕಿವಿಯಲ್ಲಿ ಮಿಶ್ರಿಕೋಟಿಯ ಉಸಿರು, ತಂಬೂರಿನ ಉಸಿರು, ಅದರ ಹಿಂದೆ ಅರ್ಧ ಊರಿನ ಕೆಮ್ಮು.

ಅಕ್ಕೋರೇ ಮಾತೆತ್ತಿದರು. ಮಾಸ್ತರ ಆರೋಗ್ಯ ಕೇಳಿದರು, ಗುರುಪಾದಪ್ಪನವರ ಎತ್ತುಗಳನ್ನು ಕೇಳಿದರು. ಇಬ್ಬರೂ ಅಕ್ಕೋರಿಗೆ ಮಾತ್ರ ಉತ್ತರ ಕೊಟ್ಟರು. ಮಾಸ್ತರು, "ಅಕ್ಕೋರ, ತಂಬೂರಿನವರು ಏನೋ ಹೇಳಬೇಕಂದಿದ್ರಂತ, ಕೇಳ್ರಿ" ಎಂದರು. ಅದು ಗುರುಪಾದಪ್ಪನವರ ಕಿವಿಯಲ್ಲೇ ಬಿದ್ದಿತ್ತು. ಆದರೂ ಅಕ್ಕೋರು ಅದನ್ನು ಇನ್ನೊಮ್ಮೆ ದಾಟಿಸಬೇಕಾಯಿತು. ಗುರುಪಾದಪ್ಪನವರು, "ಅಕ್ಕೋರ, ಹೇಳಬೇಕಂದಾವ್ರು ಮಿಶ್ರಿಕೋಟಿಯವರಂತ, ಕೇಳ್ರಿ" ಎಂದರು. ಅದನ್ನೂ ಅಕ್ಕೋರು ದಾಟಿಸಿದರು. ಎರಡು ಮಹಾ ಸಿದ್ಧಾಂತಗಳ ನಡುವೆ ಸ್ತ್ರೀವಾದವು ಹೀಗೆ ಅಂಚೆ ಮುಟ್ಟಿಸುವ ಕೆಲಸಕ್ಕೆ ಬಿದ್ದಿತು.

ಅಷ್ಟರಲ್ಲಿ ಟಪ್ಪೆಂದು ಹುಬ್ಬಳ್ಳಿಯ ಮುಚ್ಚಳ ಬಿದ್ದಿತು. ಅಣ್ಣಿಗೇರಿಯಿಂದ ಟ್ರಂಕ್ ಕಾಲ್, ಅಂದರೆ ದೂರದೂರಿನ ಕರೆ, ತೊಟ್ಟಿಲಿನ ಅಂಗಡಿಗೆ ಕೊಡು ಎಂದ ಅಲ್ಲಿಯ ಆಪರೇಟರ್. ಕಲಘಟಗಿಯ ಬಣ್ಣದ ತೊಟ್ಟಿಲಿಗೆ ಎಲ್ಲೆಲ್ಲಿಂದಲೋ ಫೋನ್ ಬರುವುದು ದಿನದ ಮಾತು. ಕಣ್ಣು ಮುಚ್ಚಿಕೊಂಡು ಆ ತೂತಿಗೆ ಚುಚ್ಚಬಲ್ಲೆ. ಅಂದು ಕಣ್ಣು ತೆರೆದುಕೊಂಡೇ ಬಾಜಿನ ತೂತಿಗೆ ಚುಚ್ಚಿದೆ. ಬಾಜಿನ ತೂತು ಯಾವುದೆಂದರೆ, ನಾನು ಮೂರು ಸಿದ್ಧಾಂತಗಳನ್ನು ಸುತ್ತಿದ್ದ ತೂತು!

"ಅಣ್ಣಿಗೇರಿಯಿಂದ ನೀಲವ್ವ ಮಾತಾಡಾಕತ್ತೇನಿ" ಎಂದು ಒಂದು ಗಟ್ಟಿ ಹೆಣ್ಣುದನಿ ಎಲ್ಲರ ಕಿವಿಯಲ್ಲೂ ಬಿದ್ದಿತು. "ತೊಟ್ಟಲ ಆತೇನು? ಮಗಳು ಹಡದಾಳ. ಬೀಗರ ಮನಿಯಾಗ ಹೆಸರಿಡೂದು ಶುಕ್ರವಾರ ಐತಿ. ತೊಟ್ಟಲ ಇಲ್ಲದ ಹೋದ್ರ ನನ್ನ ಮಾನ ಹೊಕ್ಕೈತಿ."

ನಾನು ತಂತಿ ಕೀಳಲು ಕೈ ಹಾಕಿದೆ. ಕಿತ್ತರೆ ನಾಲ್ವರೂ ಕಿತ್ತುಬರುತ್ತಾರೇನೋ ಎಂದು ಕೈ ತಡೆಯಿತು. ಆ ತಡೆದ ಕ್ಷಣದಲ್ಲಿ ಮಾಸ್ತರು ಮಾತಾಡಿದರು. ನೀಲವ್ವ ಫೋನ್ ಮಾಡಿದವಳು. ಮಾತೆತ್ತಿದವಳು. ರಿವಾಜಿನ ಪ್ರಕಾರ ಉತ್ತರ ಕೊಡಲು ಈಗ ಯಾವ ಅಡ್ಡಿಯೂ ಇರಲಿಲ್ಲ.

"ತಂಗೀ, ಇದು ತೊಟ್ಟಲ ಅಂಗಡಿ ಅಲ್ಲ" ಎಂದರು ಮಾಸ್ತರು. ಅಷ್ಟಕ್ಕೆ ಬಿಟ್ಟಿದ್ದರೆ ಅವರು ಮಾಸ್ತರೇ ಅಲ್ಲ. "ಆದ್ರ ಒಂದು ಮಾತು ಕೇಳ್ತೇನಿ. ಆ ತೊಟ್ಟಲದ ಕಟಿಗಿ ಕೆತ್ತಾಂವ ಒಬ್ಬ, ಬಣ್ಣ ಬರಿಯಾಂವ ಒಬ್ಬ, ಮಾರಾಂವ ಒಬ್ಬ. ಊರ ಮಂದಿಗೆ ಗೊತ್ತಿರೂದು ಯಾರ ಹೆಸರು? ಮಾರಾಂವಂದು."

"ಅದು ಖರೆ" ಎಂದಳು ನೀಲವ್ವ. "ನನಗೂ ಅಂಗಡಿಯವರ ಹೆಸರಷ್ಟ ಗೊತ್ತು."

ಇಲ್ಲಿ ಗುರುಪಾದಪ್ಪನವರಿಗೆ ತಡೆಯಲಾಗಲಿಲ್ಲ. "ಹೆಸರು ಗೊತ್ತಾದ್ರ ಆತೇನವಾ? ಕೆತ್ತಿದಾಂವನ್ನ ಹೆಸರಿಡೂ ದಿವಸ ಊಟಕ್ಕ ಕರೀತೀರೇನು? ಕರದ್ರ, ಬೀಗರ ಪಂಕ್ತಿಯಾಗ ಕುಂದ್ರಸ್ತೀರೇನು? ಅವನ ತೊಟ್ಟಲ ನಡುಮನಿತನಕ ಹೊಕ್ಕೈತಿ. ಅವ ಎಲ್ಲೀತನಕ ಬರಬಹುದು, ಅದನ್ನ ಹೇಳು."

ತಂಬೂರಿನ ಕಟ್ಟೆಯ ಮೇಲಿನ ಕೆಮ್ಮು ನಿಂತಿತು.

"ಇಬ್ಬರೂ ಕೆತ್ತಾಂವನ್ನ ಕೇಳಿದ್ರಿ, ಬಣ್ಣ ಬರಿಯಾಂವನ್ನ ಕೇಳಿದ್ರಿ" ಎಂದರು ಅಕ್ಕೋರು, ಮೆಲ್ಲನೆ. "ತೂಗಾಕಿನ್ನ ಯಾರೂ ಕೇಳಲಿಲ್ಲ. ಕೂಸು ಎರಡೂ ಮನಿತನದ್ದು. ತೊಟ್ಟಲ ಮಾತ್ರ ತವರಿನವರ ಒಯ್ಯಬೇಕು, ಒಯ್ಯದಿದ್ರ ಮಾನ ಹೋಗೂದು ತವರಿಂದ. ಇದು ಯಾಕ ಅಂತ ನೀಲವ್ವಗ ಯಾರರ ಎಂದಾದ್ರೂ ಹೇಳ್ಯಾರೇನು?"



"ನಾ ಮೂರು ಹೆಣ್ಣ ಹಡದೇನ್ರಿ" ಎಂದಳು ನೀಲವ್ವ. ಅವಳ ದನಿಯಲ್ಲಿದ್ದ ಗಡಸು ಇಳಿದಿತ್ತು. "ಇದು ಮೂರನೇ ತೊಟ್ಟಲ. ಯಾಕ ಒಯ್ಯಬೇಕಂತ ಇಷ್ಟು ದಿವಸ ನನಗ ಯಾರೂ ಕೇಳಿರಲಿಲ್ರಿ. ನಾನೂ ಕೇಳಿರಲಿಲ್ಲ."

ನಾನು ನಿಮಗೆ ಹೇಗೆ ಹೇಳಲಿ! ನುಸಿಗುಳಿಗೆಯ ವಾಸನೆ ಹಿಡಿದ ನನ್ನ ಕತ್ತರಿಕೆಗಳಲ್ಲಿ ಇದ್ದದ್ದೆಲ್ಲ ಆ ಹತ್ತು ಮಾತಿನಲ್ಲಿತ್ತು. ಮೂವರೂ ಒಂದೇ ತೊಟ್ಟಿಲನ್ನು ಮೂರು ಕಡೆಯಿಂದ ಹಿಡಿದು ನೋಡುತ್ತಿದ್ದರು. ಒಬ್ಬರಿಗೆ ಕಾಣದ್ದು ಇನ್ನೊಬ್ಬರಿಗೆ ಕಾಣುತ್ತಿತ್ತು. ಎಂಥ ಮಂದಿ ಇವರು, ಎಂಥ ಮಂದಿಯ ಕಾಲದಲ್ಲಿ ನಾನು ಹುಟ್ಟಿದೆ ಎಂದು ಕುರ್ಚಿಯಲ್ಲಿ ಕೂತಲ್ಲೇ ಮೈ ಜುಮ್ಮೆಂದಿತು.

ಆಗ ಗುರುಪಾದಪ್ಪನವರು ನಕ್ಕರು. ನಕ್ಕು ಅಂದರು: "ಅಕ್ಕೋರು ಹೇಳೂದು ಖರೆ ಐತಿ, ಶಿವ್ಯಾ. ಅವತ್ತು ನಮ್ಮ ಮನ್ಯಾಗ ಊಟಕ್ಕ ಕುಂತಾಗ ನೀ ದುಡಿಯಾಂವನ ಬಗ್ಗೆ ಮಾತಾಡಿದಿ, ನಾ ಪಂಕ್ತಿ ಬಗ್ಗೆ ಮಾತಾಡಿದೆ. ರೊಟ್ಟಿ ಬಡದಾಕಿ ಒಲಿ ಮುಂದ ಕುಂತ ಇದ್ಲು."

ಶಿವ್ಯಾ! ಇಷ್ಟು ವರ್ಷಗಳ ಮೇಲೆ ಮೊದಲ ಸಲ, ಮಾಸ್ತರನ್ನು ಅವರ ಹುಡುಗತನದ ಹೆಸರಿನಿಂದ ಕರೆದರು. ನಾನು ಅಂಗೈಯಿಂದ ಬಾಯಿ ಮುಚ್ಚಿಕೊಂಡೆ.

ಮಾಸ್ತರು ಚಹಾದ ಬಟ್ಟಲು ಕೆಳಗಿಟ್ಟದ್ದು ತಂತಿಯಲ್ಲಿ ಕೇಳಿಸಿತು. ಆಮೇಲೆ, "ತಂಗಿ ಅವತ್ತು ಮತ್ತೇನಂದ್ಲು, ಗುರ್ಯಾ?" ಎಂದರು. ಗುರುಪಾದಪ್ಪನವರ ಹೆಂಡತಿಯನ್ನು ಅವರು ತಂಗಿ ಎಂದೇ ಕರೆಯುತ್ತಿದ್ದರು.

"ಏನಂತಾಳ. ನೀ ಬಿಟ್ಟ ಹೋದ ತಾಟು ನೋಡಿದ್ಲು, ನಾ ಉಣ್ಣಾಕತ್ತಿದ್ದ ತಾಟು ನೋಡಿದ್ಲು. ಎರಡೂ ಎತ್ತಿ ಒಳಗ ಒಯ್ದಳು. ಅವತ್ತು ನಾನೂ ಉಪವಾಸ."

ಇಬ್ಬರೂ ನಕ್ಕರು. ನೀಲವ್ವ ಯಾರ ತಾಟು, ಯಾವ ಊಟ ಎಂದು ಅಕ್ಕೋರನ್ನು ಕೇಳಿದಳು, ಅಕ್ಕೋರು ಹೇಳಿದರು, ನೀಲವ್ವ, ಆ ತಾಯಿ ಮಾಡಿದ್ದು ಅಗದಿ ಬರೋಬ್ಬರಿ ಎಂದು ತೀರ್ಪು ಕೊಟ್ಟಳು. ಮಾಸ್ತರು ಆಮೇಲೆ, "ಏನರ ಇರ್ಲಿ ಗುರ್ಯಾ, ನೀ ಆಗಿ ಫೋನ್ ಮಾಡಿಸಿದಿ ನೋಡು, ಅದು ನಿನ್ನ ದೊಡ್ಡಸ್ತಿಕಿ" ಎಂದರು.

"ನಾ ಎಲ್ಲಿ ಮಾಡಿಸೇನಿ? ನೀ ಮಾಡಿಸಿದಿ ಅಂತಲ್ಲ ನಾ ಇಲ್ಲಿ ನಿಂತಿದ್ದು."

"ನಾನೂ ಮಾಡಿಸಿಲ್ಲ."

ನಾನು ಅರಿವಿಲ್ಲದೆ ಜೋರಾಗಿ ಉಸಿರು ಬಿಟ್ಟೆ. ತಂತಿಯಲ್ಲಿ ಅದು ಎಲ್ಲರಿಗೂ ಕೇಳಿಸಿತು.

"ನಡುವ ಒಬ್ಬ ಉಸುರು ಹಾಕಾಕತ್ತಾನ" ಎಂದರು ಮಾಸ್ತರು. "ಯಾರಪಾ ಅಂವ?"

ಸಭ್ಯನಾದವನು ಇಲ್ಲಿ ಹೆಸರು ಹೇಳಿ ಕ್ಷಮೆ ಕೇಳುತ್ತಿದ್ದ. ಧೈರ್ಯವಿಲ್ಲದವನು ತಂತಿ ಕೀಳುತ್ತಿದ್ದ. ನಾನು ಎರಡನ್ನೂ ಮಾಡಲಿಲ್ಲ. ಹತ್ತು ವರ್ಷ ಆ ಕುರ್ಚಿಯಲ್ಲಿ ಕೂತ ನಾಲಿಗೆ ತಾನಾಗಿಯೇ ಹೊರಳಿ, ಅಣ್ಣಿಗೇರಿಯಿಂದ ತಂಬೂರಿನವರೆಗೆ ಸ್ಪಷ್ಟವಾಗಿ ಕೇಳಿಸುವ ಹಾಗೆ ಅಂದಿತು:

"ನಂಬರ್ ಪ್ಲೀಸ್."

ಮರುದಿನ ಎಕ್ಸ್‌ಚೇಂಜಿನ ಬಾಗಿಲಲ್ಲಿ ಇಬ್ಬರು ಹಿರಿಯರು ನಿಂತಿದ್ದರು. ಒಬ್ಬರು ಮಿಶ್ರಿಕೋಟಿ ಬಸ್ಸಿಗೆ, ಇನ್ನೊಬ್ಬರು ತಂಬೂರ ಬಸ್ಸಿಗೆ ಬಂದು, ಸ್ಟ್ಯಾಂಡಿನಲ್ಲಿ ಕೂಡಿ, ಒಂದೇ ಛತ್ರಿಯ ಕೆಳಗೆ ನನ್ನನ್ನು ಬೈಯಲು ನಡೆದು ಬಂದಿದ್ದರು. ಆ ದೃಶ್ಯ ನೋಡಿ ನನಗೆ ಎದ್ದು ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಕಿವಿಯಲ್ಲಿ ಯಂತ್ರವಿದ್ದುದರಿಂದ ತಂತಿ ಮುಟ್ಟಿದಷ್ಟು ದೂರ ಮಾತ್ರ ಬಾಗಲು ಆಯಿತು.

ನಾನು ಸಂಭ್ರಮದಿಂದ ಕೇಳಿದೆ, ಹಾಗಾದರೆ ವರ್ಗ ಮೊದಲೋ ಜಾತಿ ಮೊದಲೋ ಎಂಬುದು ಇತ್ಯರ್ಥವಾಯಿತೇ ಎಂದು. ಅದರ ಬಗ್ಗೆ ಬಸ್ ಸ್ಟ್ಯಾಂಡಿನಿಂದ ಇಲ್ಲಿಯವರೆಗೂ ಜಗಳವಾಡಿಕೊಂಡೇ ಬಂದೆವು, ಒಂದು ಅಕ್ಷರವೂ ಇತ್ಯರ್ಥವಾಗಿಲ್ಲ ಎಂದರು ಮಾಸ್ತರು. ಅವರ ಮುಖದಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು.

"ಒಂದು ವಿಷಯದಾಗ ಮಾತ್ರ ಒಮ್ಮತ ಆಗೇತಿ" ಎಂದರು ಗುರುಪಾದಪ್ಪನವರು. "ನಾವಿಬ್ಬರೂ, ಅಕ್ಕೋರೂ."

"ಯಾವುದ್ರಿ?" ಎಂದೆ, ಆಸೆಯಿಂದ.

"ನಿನಗ ತಲಿ ಇಲ್ಲ ಅನ್ನೂದ್ರಾಗ."

ಮೂರು ವಿಮರ್ಶಾ ಪಂಥಗಳು ಸಂವಾದಕ್ಕೆ ಕೂತು ಸರ್ವಾನುಮತದಿಂದ ತಲುಪಿದ ಏಕೈಕ ನಿರ್ಣಯ ಇದು. ಇಂದಿಗೂ ತಿದ್ದುಪಡಿಯಾಗಿಲ್ಲ.

ಅಂದು ಮಧ್ಯಾಹ್ನ ನಮ್ಮ ಮನೆಯಲ್ಲೇ ಇಬ್ಬರ ಊಟವಾಯಿತು. ಶಾಂತಾ ಬಡಿಸಲು ಬಂದರೆ ಮಾಸ್ತರು ತಡೆದು, ನೀನೂ ತಾಟು ಹಾಕಿಕೊಂಡು ಕೂರುವವರೆಗೆ ತಾವು ತುತ್ತು ಎತ್ತುವುದಿಲ್ಲ ಎಂದರು. ಅವಳು ಕೂತಳು. ಬಡಿಸಲು ಯಾರೂ ಇಲ್ಲದಂತಾಗಿ, ಮೂವರೂ ನನ್ನ ಕಡೆ ನೋಡಿದರು. ನಾನು ಎದ್ದು ಸೌಟು ಹಿಡಿದೆ. ಸಾರು ಬಡಿಸಹೋಗಿ ಸಮಾಜವಾದದ ಧೋತರದ ಮೇಲೆ ಚೆಲ್ಲಿದೆ.

ನೀಲವ್ವನ ತೊಟ್ಟಿಲೂ ಹೊತ್ತಿಗೆ ಸರಿಯಾಗಿ ಆಯಿತು, ಏಕೆಂದರೆ ನಾನೇ ನಾಲ್ಕು ದಿನ ಅಂಗಡಿಗೆ ಎಡತಾಕಿ ಬೆನ್ನು ಹತ್ತಿದ್ದೆ. ಅವಳೇ ಬಂದು ಒಯ್ದಳು. ಹೋಗುವಾಗ ಕೆತ್ತಿದವನ ಮತ್ತು ಬಣ್ಣ ಬರೆದವನ ಹೆಸರು ಕೇಳಿಕೊಂಡು, ಇಬ್ಬರನ್ನೂ ಹೆಸರಿಡುವ ಊಟಕ್ಕೆ ಕರೆದು ಹೋದಳಂತೆ. ಮುಂದಿನ ಕೂಸಿಗೆ ತೊಟ್ಟಿಲು ಬೀಗರೇ ತರಲಿ ಎಂದು ಅಲ್ಲಿ ಎಲ್ಲರ ಎದುರಿಗೆ ಅಂದಳೆಂದೂ, ಬೀಗರು ಇನ್ನೂ ಮುಖ ಬಿಗಿದುಕೊಂಡೇ ಇದ್ದಾರೆಂದೂ ಆಮೇಲೆ ಸುದ್ದಿ ಬಂತು.

ಮುಂದಿನ ರವಿವಾರದಿಂದ ಮಿಶ್ರಿಕೋಟಿ, ತಂಬೂರ, ಸಾಲಿ ಮೂರೂ ಕಡೆಯ ಮುಚ್ಚಳಗಳು ಒಂದೇ ಹೊತ್ತಿಗೆ ಬೀಳತೊಡಗಿದವು. ನಾನು ಬೋರ್ಡಿನ ಹಿಂದೆ ಬಗ್ಗಿ ತಂತಿ ಸುತ್ತಿ, ತಲೆ ಬಡಿಸಿಕೊಂಡು, ಎದ್ದು ಬಂದು, ಇಷ್ಟು ವರ್ಷ ಕಾದ ಮಾತನ್ನು ಕೇಳಲು ಕಿವಿಗೆ ಯಂತ್ರ ಏರಿಸಿದೆ.

"ಆಪರೇಟರ" ಎಂದರು ಮಾಸ್ತರು. "ತಂತಿ ಕೂಡಸು. ಕಿವಿ ತಗಿ."

"ನಾನು ಸುಮ್ಮನ ಕೇಳ್ತೇನ್ರಿ."

"ನೀ ಸುಮ್ಮನ ಇರಾಂವ ಅಲ್ಲ" ಎಂದರು ಗುರುಪಾದಪ್ಪನವರು. "ಮಂದಿ ಮಾತು ಕೇಳಬಾರದಂತ ನಿಮ್ಮದ ನಿಯಮ ಐತ್ಯಲ್ಲ?"

ಅಕ್ಕೋರಾದರೂ ನನ್ನ ಪರವಾಗಿ ಒಂದು ಮಾತಾಡಿಯಾರೆಂದು ಕಾದೆ. "ತಗೀರಿ" ಎಂದರು ಅಕ್ಕೋರು.

ತೆಗೆದೆ. ಅಂದಿನಿಂದ ಪ್ರತಿ ರವಿವಾರ ಈ ದೇಶದ ಅತ್ಯುತ್ತಮ ಸಂವಾದ ನನ್ನ ಕೈಯಳತೆಯಲ್ಲಿ ನಡೆಯುತ್ತಿತ್ತು, ನಾನು ಯಂತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡು ಗೋಡೆ ನೋಡುತ್ತಿದ್ದೆ. ಒಮ್ಮೊಮ್ಮೆ ಯಂತ್ರದಿಂದ ಸೊಳ್ಳೆಯಷ್ಟು ಸಣ್ಣದಾಗಿ ಯಾರೋ ನಕ್ಕಿದ್ದು ಕೇಳುತ್ತಿತ್ತು. ಯಾರೆಂದು ತಿಳಿಯುತ್ತಿರಲಿಲ್ಲ. ಮಾತಾಡುತ್ತಿದ್ದಾರಲ್ಲ, ಅಷ್ಟು ಸಾಕು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಸಮಾಧಾನ ಆಗುತ್ತಿರಲಿಲ್ಲ.

ಈ ನಡುವೆ ಶಾಂತಾ ರವಿವಾರ ಮಧ್ಯಾಹ್ನ ಅಕ್ಕೋರ ಬಾಜು ಕುರ್ಚಿ ಹಾಕಿಕೊಂಡು, ಅದೇ ಫೋನಿಗೆ ಕಿವಿಯಿಟ್ಟು ಎಲ್ಲ ಕೇಳಿ ಬರತೊಡಗಿದಳು. ಮೊದಮೊದಲು ಕೇಳಲು ಹೋದವಳು ಆಮೇಲೆ ಮಾತಾಡಲೂ ತೊಡಗಿದಳು. ಮಾಸ್ತರು ಅವಳ ಒಂದು ಮಾತಿಗೆ ಉತ್ತರ ಹುಡುಕಲು ಇಡೀ ವಾರ ತೆಗೆದುಕೊಂಡರಂತೆ. ಒಂದು ಸಂಜೆ ಅವಳು ಬರುವುದನ್ನೇ ಕಾದು, ಇವತ್ತು ಯಾವ ಸಿದ್ಧಾಂತದ ಚರ್ಚೆಯಾಯಿತು, ಯಾರು ಏನೆಂದರು, ಎಲ್ಲ ಬಿಡಿಸಿ ಹೇಳು ಎಂದು ಬೇಡಿಕೊಂಡೆ.

"ಹೇಳ್ತೇನಂತ" ಎಂದಳು ಶಾಂತಾ, ಚಪ್ಪಲಿ ಬಿಡುತ್ತ. "ಮನಿಗೆ ನೀರು ಯಾರು ತರಬೇಕನ್ನೂದ್ರ ಮ್ಯಾಲೆ ಆತ್ರಿ. ನಳ ಬಂದೈತಿ, ತುಂಬಿಕೊಂಡ ಬರ್ರಿ. ಉಳಿದದ್ದು ಆಮ್ಯಾಲೆ."

ಹೀಗೆ, ಸಮಾಜ ವಿಮರ್ಶೆಯ ಮೂರು ಮಹಾ ಪಂಥಗಳನ್ನು ಒಂದುಗೂಡಿಸಿದ ಬಿ.ಎ. ಎರಡನೆಯ ದರ್ಜೆಯವನಾದ ನಾನು ಎರಡು ಕೊಡ ಹಿಡಿದು ನಳಕ್ಕೆ ಹೋದೆ. ಪಾಳಿ ಉದ್ದವಿತ್ತು. ನಿಂತವರೆಲ್ಲ ಹೆಂಗಸರು. ಗಂಡಸೊಬ್ಬ ಕೊಡ ಹಿಡಿದು ಬಂದದ್ದು ನೋಡಿ ನಕ್ಕು, "ಹೂಂ, ಹೇಳ್ರಿ" ಎಂದರು. ನಾನು ಎರಡೂ ಕೊಡ ಪಾಳಿಯ ಕೊನೆಗೆ ಇಟ್ಟು, ಅವರ ಮಾತು ಕೇಳುತ್ತ ನಿಂತೆ.